ಬಾಗಿಲ ಹೊರಗಿನ ಬ್ರದರ್

ಗುಟ್ಟು ಕಾಯುವುದು ಬಹಳ ಕಷ್ಟ ಎಂದು ಗೋಳಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಮನೆಯಲ್ಲಿ ಕೇಳುವವರು ಇದ್ದಾರೆ ಎಂದಾಯಿತಲ್ಲ! ಕೇಳುವವರಿದ್ದರೆ ತಾನೆ ಬಚ್ಚಿಡುವ ಮಾತು? ನನ್ನ ಪಾಡು ನೋಡಿ. ನಾನು ಮಂಡ್ಯದಲ್ಲಿ ಒಂದು ಗುಟ್ಟಿನ ಸಂಘದ ಸದಸ್ಯ. ಗುಟ್ಟು ಎಂದ ಕೂಡಲೇ ಗಾಬರಿಯಾಗಬೇಡಿ, ಬಾಂಬು ಗೀಂಬು ಏನಿಲ್ಲ. ಫ್ರೀಮೇಸನ್ ಲಾಡ್ಜು ಅನ್ನುತ್ತಾರಲ್ಲ, ಅದು. ಎಷ್ಟೋ ಕಾಲದ ಹಿಂದೆ ಯಾವುದೋ ಚಳಿ ದೇಶದಲ್ಲಿ ಕಲ್ಲು ಕಟ್ಟುವವರು ಮಾಡಿಕೊಂಡ ಕೂಟವಂತೆ. ಈಗ ಒಂದು ಇಟ್ಟಿಗೆಯನ್ನೂ ನೆಟ್ಟಗೆ ಇಡಲು ಬಾರದ ವಕೀಲರು, ಡಾಕ್ಟರು, ರೈಸ್ ಮಿಲ್ಲಿನವರು ಸೇರಿ ನಡೆಸುತ್ತಾರೆ. ಒಳಗೆ ನಡೆಯುವುದನ್ನು ಹೊರಗೆ ಬಾಯಿ ಬಿಡುವುದಿಲ್ಲ ಎಂದು ನಾನೂ ಪ್ರಮಾಣ ಮಾಡಿದ್ದೇನೆ, ಪ್ರಮಾಣಕ್ಕೆ ಒಂದಿಷ್ಟೂ ಕುಂದು ಬಾರದಂತೆ ನಡೆದುಕೊಂಡಿದ್ದೇನೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಯಾರೂ ಕೇಳಲೇ ಇಲ್ಲ.

ಕೇಳುವವಳೊಬ್ಬಳಿದ್ದಳು. ನನ್ನ ಹೆಂಡತಿ ಜಯ, ಕಿರುಗಾವಲಿನ ಹುಡುಗಿ. ನಾನು ವಿ.ಸಿ. ಫಾರಂ ಎನ್ನುವ ಕೃಷಿ ಸಂಶೋಧನಾ ಕೇಂದ್ರದ ಭತ್ತದ ವಿಭಾಗದಲ್ಲಿದ್ದಾಗ ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರುವಾಗುತ್ತಿತ್ತು. "ಇಷ್ಟೊತ್ಗಂಟ ಎಲ್ಲಿಗೋಗಿದ್ರಿ? ಯಾರ್ ಸಿಕ್ಕುದ್ರು? ಅವ್ರೆಡ್ತಿಗೆ ಮಂಡಿ ನೋವು ಅಂದಿದ್ರಲ್ಲ, ಎಂಗವ್ಳೆ? ತಿನ್ನಕ್ಕೇನ್ ಕೊಟ್ರು?" ಎಂದು ಒಂದರ ಹಿಂದೆ ಒಂದು. ಮದುವೆ ಮನೆಗೆ ನಾನೊಬ್ಬನೇ ಹೋಗಿ ಬಂದೆನೋ, ಕತೆ ಮುಗಿಯಿತು. ಪಲ್ಯ ಎಷ್ಟು ಬಗೆ, ಪಾಯಸ ಶಾವಿಗೆಯದೋ ಕಡಲೆಬೇಳೆಯದೋ, ಹೆಣ್ಣಿನ ಮುಖ ನಗುನಗುತ್ತ ಇತ್ತೋ ಇಲ್ಲವೋ, ಎಲ್ಲ ಒಪ್ಪಿಸಬೇಕು. "ಏನೋ ಬಡಿಸಿದ್ರು ಕಣೇ, ತಿಂದೆ" ಎಂದರೆ, "ಅಯ್ಯೋ, ನಿಮ್ಮನ್ ಕಳ್ಸೋದೂ ಒಂದೇ, ಮೂಲೇಲಿರೋ ಒನಕೆ ಕಳ್ಸೋದೂ ಒಂದೇ" ಎಂದು ಮುಖ ತಿರುಗಿಸುತ್ತಿದ್ದಳು. ನನಗೆ ರೇಗುತ್ತಿತ್ತು. ನೀನು ಪೊಲೀಸ್ ಸ್ಟೇಷನ್ನಿನಲ್ಲಿ ಇರಬೇಕಾದವಳು ಎಂದು ಗೊಣಗುತ್ತಿದ್ದೆ. ನಾನು ನಿವೃತ್ತನಾದ ಮೇಲೆ, ಇನ್ನು ಇಡೀ ದಿನ ವಿಚಾರಣೆಯೇ ಎಂದು ಹೆದರಿಕೊಂಡಿದ್ದಾಗ, ಒಂದು ಜ್ವರ ಬಂತು, ಅವಳನ್ನು ಕರೆದುಕೊಂಡು ಹೋಯಿತು. ನಮಗೆ ಮಕ್ಕಳಿಲ್ಲ. ಆಮೇಲಿನಿಂದ ನಾನು ಯಾವಾಗ ಬೇಕಾದರೂ ಹೋಗಬಹುದು, ಯಾವಾಗ ಬೇಕಾದರೂ ಬರಬಹುದು. ಒಮ್ಮೆ ಏನೂ ಕೆಲಸವಿಲ್ಲದೆ ಮೈಸೂರಿಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಒಂದು ಕಾಫಿ ಕುಡಿದು, ಅದೇ ಬಸ್ಸಿನಲ್ಲಿ ವಾಪಸ್ ಬಂದೆ. ಬೀಗ ತೆಗೆದು ಒಳಗೆ ಬಂದವನು ಚಪ್ಪಲಿ ಬಿಡದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಅಭ್ಯಾಸ ನೋಡಿ.

ನಾನು ಲಾಡ್ಜಿಗೆ ಸೇರಿದ್ದು ಒಂದು ವಡೆಯ ದೆಸೆಯಿಂದ. ರೈಲಿನಲ್ಲಿ ಬರುವಾಗ ಮದ್ದೂರು ವಡೆ ಕೊಂಡು ಕಡಿದೆ. ವಡೆ ಗಟ್ಟಿಯಾಗಿತ್ತೋ, ಹಲ್ಲು ಮೆತ್ತಗಾಗಿತ್ತೋ, ಮುರಿದದ್ದಂತೂ ಹಲ್ಲು. ಮದ್ದೂರಿನಲ್ಲೇ ಇಳಿದು, ಹಳೆಯ ಪರಿಚಯದ ಹಲ್ಲಿನ ಡಾಕ್ಟರು ಬೋರೇಗೌಡರ ಕುರ್ಚಿಯಲ್ಲಿ ಹೋಗಿ ಮಲಗಿದೆ. ಹಲ್ಲಿನ ಡಾಕ್ಟರುಗಳಿಗೆ ಮಾತಿನ ಹುಮ್ಮಸ್ಸು ಬರುವುದು ರೋಗಿಯ ಬಾಯಲ್ಲಿ ಕೈ ಇಟ್ಟ ಮೇಲೆಯೇ. "ಜಯಮ್ಮನೋರು ಹೋದ್ಮೇಲೆ ಸೊರಗೋಗಿದ್ದೀರಿ ಕಣ್ರೀ. ಒಬ್ರೇ ಮನೇಲಿ ಕೂತು ಗೋಡೆ ನೋಡ್ತೀರಾ? ನಮ್ಮ ಲಾಡ್ಜಲ್ಲಿ ಎಲ್ಲಾ ಅಣ್ತಮ್ಮಂದ್ರ ಥರ ಇರ್ತೀವಿ. ಆದ್ರೆ ನಾವಾಗಿ ಕರಿಯಂಗಿಲ್ಲ, ನೀವಾಗೇ ಬಾಯಿಬಿಟ್ಟು ಕೇಳ್ಬೇಕು, ಅದು ನಿಯಮ. ಕೇಳ್ತೀರಾ?" ಎಂದರು. ನನ್ನ ಬಾಯಲ್ಲಿ ಅವರ ಎರಡು ಬೆರಳು, ಒಂದು ಪುಟ್ಟ ಕನ್ನಡಿ, ನೀರು ಹೀರುವ ಒಂದು ಕೊಳವೆ ಇದ್ದವು. ಬಾಯಿ ಬಿಟ್ಟೇ ಇತ್ತು. "ಆ…" ಎಂದೆ. "ಸರಿ, ಹಂಗಾದ್ರೆ ನಾನೇ ಸಹಿ ಹಾಕ್ತೀನಿ ನಿಮ್ಮ ಪರವಾಗಿ" ಎಂದರು. ಹೀಗೆ ಸ್ವಂತ ಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ, ನಾನು ಸದಸ್ಯತ್ವ ಕೋರಿದೆ.

ಸೇರಿಸಿಕೊಳ್ಳುವ ಮೊದಲು ಇಬ್ಬರು ಮನೆಗೆ ಬಂದು ಮನುಷ್ಯ ಎಂಥವನು ಎಂದು ನೋಡಿಕೊಂಡು ಹೋಗುವುದು ಅವರ ಪದ್ಧತಿ. ಬೋರೇಗೌಡರ ಜೊತೆ ಲಾಡ್ಜಿನ ಅಧ್ಯಕ್ಷರಾದ ಮಳವಳ್ಳಿಯ ವಕೀಲ ನಂಜುಂಡಯ್ಯನವರು ಬಂದರು. ಅಧ್ಯಕ್ಷರನ್ನು ಅಲ್ಲಿ ಮಾಸ್ಟರ್ ಎನ್ನಬೇಕು, ಮುಂದೆ 'ಪೂಜ್ಯ' ಸೇರಿಸಬೇಕು. ಕೋರ್ಟಿನಲ್ಲಿ ಜಡ್ಜಿಗೆ ಬಾಗಿ ಬಾಗಿ ಬೆನ್ನು ನೋಯಿಸಿಕೊಂಡ ನಂಜುಂಡಯ್ಯನವರು ತಿಂಗಳಿಗೊಂದು ಸಂಜೆ ತಾವೇ ಪೂಜ್ಯರಾಗಿ ಸುಧಾರಿಸಿಕೊಳ್ಳುತ್ತಾರೆ. ದೇವರಲ್ಲಿ ನಂಬಿಕೆ ಇದೆಯೇ ಎಂದು ಕೇಳಿದರು, ಇದೆ ಎಂದೆ. ಸಾಲ ಸೋಲ, ಕೇಸು ಗೀಸು? ಇಲ್ಲ ಎಂದೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ನಿಮ್ಮ ಮನೆಯವರ ಒಪ್ಪಿಗೆ ಇದೆಯೇ? ಇದು ಗುಟ್ಟಿನ ವಿಚಾರ, ಮುಂದೆ ಗಂಡ ಹೆಂಡತಿ ನಡುವೆ ಜಗಳ ಬರಬಾರದು, ಅದಕ್ಕೇ ಕೇಳುತ್ತೇವೆ" ಎಂದರು. ಬೋರೇಗೌಡರು ಅವರ ಕಾಲು ತುಳಿದದ್ದು ನನಗೆ ಕಾಣಿಸಿತು. ಮೂವರೂ ಗೋಡೆಯ ಮೇಲಿದ್ದ ಜಯಳ ಪಟದ ಕಡೆ ನೋಡಿದೆವು. "ಬೇಡ ಅನ್ನಲ್ಲ ಸಾರ್. ಆದ್ರೆ ಬಂದ್ಮೇಲೆ ಎಲ್ಲಾ ಕೇಳ್ತಾಳೆ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅವರು ತಲೆ ತಗ್ಗಿಸಿ ಕಾಫಿ ಕುಡಿದು ಹೊರಟುಹೋದರು. ಅವರು ಹೋದ ಮೇಲೆ ನನ್ನ ಲೋಟ ಬಾಯಿಗಿಟ್ಟರೆ ಸಕ್ಕರೆಯನ್ನೇ ಹಾಕಿರಲಿಲ್ಲ. ಒಂದು ಮಾತೂ ಆಡದೆ ಕುಡಿದರಲ್ಲ, ಇವರು ಅಣ್ಣತಮ್ಮಂದಿರೇ ಸರಿ ಎನ್ನಿಸಿತು.

ಸೇರಿಸಿಕೊಳ್ಳುವ ದಿನ ಏನೇನು ಮಾಡಿದರು ಎಂದು ಹೇಳುವಂತಿಲ್ಲ. ಪ್ಯಾಂಟಿನ ವಿಚಾರ ಮಾತ್ರ ಊರಿಗೆಲ್ಲ ಗೊತ್ತಿರುವುದರಿಂದ ಹೇಳುತ್ತೇನೆ. ಒಂದು ಕಾಲನ್ನು ಮೊಣಕಾಲ ತನಕ ಮಡಿಚಿ, ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸುತ್ತಾರೆ. ಸರ್ವೀಸು ಪೂರ್ತಿ ಭತ್ತದ ಗದ್ದೆಗೆ ಎರಡೂ ಕಾಲು ಮಡಿಚಿಕೊಂಡು ಇಳಿದವನಿಗೆ ಇದು ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಂಡಿತು, ಇನ್ನೊಂದನ್ನೂ ಮಡಿಚಲು ಬಗ್ಗಿದೆ, ಯಾರೋ ಕೈ ಹಿಡಿದು ತಡೆದರು. ಕತ್ತಲಲ್ಲಿ ನಿಂತವನನ್ನು ನಂಜುಂಡಯ್ಯನವರ ದನಿ ಕೇಳಿತು, ಈ ಹೊತ್ತಿನಲ್ಲಿ ನಿನ್ನ ಮನಸ್ಸಿನ ದೊಡ್ಡ ಆಸೆ ಏನು ಎಂದು. ಇದಕ್ಕೆ ಗೊತ್ತುಮಾಡಿದ ಒಂದು ಉತ್ತರವಿದೆ, ಪಕ್ಕದಲ್ಲಿ ನಿಂತವರು ಅದನ್ನು ಕಿವಿಯಲ್ಲಿ ಹೇಳುತ್ತಾರೆ, ನಾವು ಗಟ್ಟಿಯಾಗಿ ಹೇಳಬೇಕು. ಪಕ್ಕದಲ್ಲಿದ್ದ ಬೋರೇಗೌಡರು ಸ್ವಲ್ಪ ತಡಮಾಡಿದರು. ನಾನು ತಡೆಯಲಿಲ್ಲ. "ಮನೆಗೆ ಹೋದಾಗ ಯಾರಾದ್ರೂ ಎಲ್ಲಿಗೋಗಿದ್ರಿ ಅಂತ ಕೇಳ್ಬೇಕು ಸಾರ್" ಎಂದುಬಿಟ್ಟೆ. "ಬೆಳಕು ಅನ್ರೀ, ಬೆಳಕು!" ಎಂದು ಬೋರೇಗೌಡರು ಕಿವಿಯಲ್ಲಿ ಬುಸುಗುಟ್ಟಿದರು. ಬೆಳಕು ಎಂದೆ. ಬಟ್ಟೆ ಬಿಚ್ಚಿದರು, ಬೆಳಕು ಕಾಣಿಸಿತು, ಎಲ್ಲರೂ ಕೈ ಕುಲುಕಿದರು. ನಾನು ಏನೆಂದೆ ಎಂಬುದನ್ನು ಆ ದಿನದಿಂದ ಇವತ್ತಿನವರೆಗೆ ಅವರಲ್ಲಿ ಒಬ್ಬರೂ ಎತ್ತಿಲ್ಲ. ಗುಟ್ಟು ಕಾಯುವುದರಲ್ಲಿ ಅಷ್ಟು ಗಟ್ಟಿಗರು. ಒಬ್ಬರಾದರೂ ಕೇಳಬಹುದಾಗಿತ್ತು.

ಇಷ್ಟು ದೊಡ್ಡ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಬಂದೆ. ಜಯಳ ಪಟದ ಮುಂದೆ, 'ಈಗ ಕೇಳು ನೋಡೋಣ' ಎನ್ನುವ ಮುಖ ಮಾಡಿಕೊಂಡು ನಿಂತೆ. ಬದುಕಿದ್ದರೆ ಎರಡು ದಿನ ಮೌನ, ಮೂರನೆಯ ದಿನ ಉಪ್ಪಿಲ್ಲದ ಸಾರು, ನಾಲ್ಕನೆಯ ದಿನಕ್ಕೆ ನಾನು ಎಲ್ಲ ಕಕ್ಕಿಬಿಡುತ್ತಿದ್ದೆ. ಪಟ ಸುಮ್ಮನಿತ್ತು. ಮನೆಯಲ್ಲಿ ಆಗದಿದ್ದರೆ ಊರಲ್ಲಾದರೂ ಯಾರಾದರೂ ಕೇಳಲಿ ಎಂದು, ಬೆಳಗಿನ ವಾಕಿಂಗ್‌ನಲ್ಲಿ ಸಿಕ್ಕವರಿಗೆಲ್ಲ ವಿಷಯ ತೇಲಿಸಿದೆ. "ಅಲ್ಲೇನು ನಡೀತದೆ ಅಂತ ಮಾತ್ರ ಕೇಳ್ಬೇಡಿ" ಎಂದೆ. ಯಾರೂ ಕೇಳಲಿಲ್ಲ. ಒಬ್ಬರು, "ಗೊತ್ತು ಬುಡಿ, ಎಣ್ಣೆ ಪಾರ್ಟಿ ತಾನೆ" ಎಂದು ನಡೆದೇ ಹೋದರು. ಪಕ್ಕದ ಮನೆಯವರು, ಮೇಸನ್ ಎಂದರೆ ಗಾರೆಯವರಲ್ಲವೇ, ನಮ್ಮ ಕಾಂಪೌಂಡ್ ಬಿರುಕು ಬಿಟ್ಟಿದೆ, ನಿಮ್ಮ ಸಂಘದಿಂದ ಒಬ್ಬರನ್ನು ಭಾನುವಾರ ಕಳಿಸಿಕೊಡಿ ಎಂದರು. ಪ್ರಪಂಚದಲ್ಲಿ ಕುತೂಹಲ ಎನ್ನುವುದೇ ಸತ್ತುಹೋಗಿದೆಯಲ್ಲಪ್ಪ ಎಂದು ಬಹಳ ನೊಂದುಕೊಂಡೆ.

ಹೋಗಲಿ, ಒಳಗಿನ ಅಣ್ಣತಮ್ಮಂದಿರಾದರೂ ಇದ್ದಾರಲ್ಲ ಎಂದರೆ, ಅಲ್ಲಿ ಇನ್ನೊಂದು ತೊಡಕು. ಲಾಡ್ಜಿನಲ್ಲಿ ಯಾರೂ ಬಾಯಿಗೆ ಬಂದದ್ದು ಮಾತನಾಡುವುದಿಲ್ಲ. ಯಾರು ಎಲ್ಲಿ ನಿಂತು ಏನು ಹೇಳಬೇಕು ಎಂಬುದೆಲ್ಲ ಹಳೆಯ ಕಾಲದ ಇಂಗ್ಲಿಷಿನಲ್ಲಿ ಗೊತ್ತಾಗಿದೆ, ಬಾಯಿಪಾಠ ಮಾಡಿ ಒಪ್ಪಿಸಬೇಕು. ಭತ್ತದ ತಳಿಗಳ ಹೆಸರನ್ನು ನಿದ್ದೆಯಲ್ಲೂ ಹೇಳುವ ನನಗೆ ಆ ಇಂಗ್ಲಿಷು ಎರಡು ಸಾಲಿಗಿಂತ ಮುಂದೆ ನಿಲ್ಲಲಿಲ್ಲ. ಪಕ್ಕದವರು ಪಿಸುಗುಟ್ಟಿದ್ದನ್ನು ಹೇಳಿ ಹೇಗೋ ಒಂದೊಂದೇ ದರ್ಜೆಯ ಮೆಟ್ಟಿಲು ಹತ್ತಿದೆ. ಪದಾಧಿಕಾರ ಹಂಚುವಾಗ ನಂಜುಂಡಯ್ಯನವರು ಬಹಳ ಹೊತ್ತು ಯೋಚಿಸಿ, ಬಾಯಿಪಾಠ ಬೇಡದ ಒಂದೇ ಕೆಲಸವನ್ನು ನನಗೆ ಕೊಟ್ಟರು. ಹೊರಗಾವಲು. ಅಂದರೆ, ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ, ಕೈಯಲ್ಲಿ ಕತ್ತಿ ಹಿಡಿದು ಬಾಗಿಲ ಹೊರಗೆ ಕೂರುವವನು. ಹೊರಗಿನವರು ಒಳಗೆ ನುಗ್ಗದಂತೆ ನೋಡಿಕೊಳ್ಳಬೇಕು. ಸಭೆ ಶುರುವಾಗುವಾಗ ಒಮ್ಮೆ, ಮುಗಿಯುವಾಗ ಒಮ್ಮೆ ಒಳಗಿನಿಂದ ಬಾಗಿಲು ತಟ್ಟುತ್ತಾರೆ, ನಾನು ಹೊರಗಿನಿಂದ ತಿರುಗಿ ತಟ್ಟಬೇಕು. ಆ ತಟ್ಟು ಕೇಳಿಸದೆ ಒಳಗೆ ಸಭೆ ಶುರು ಮಾಡುವಂತಿಲ್ಲ, ಮುಗಿಸುವಂತೆಯೂ ಇಲ್ಲ. ಬಹಳ ಪ್ರಾಚೀನವಾದ ಗೌರವದ ಹುದ್ದೆ ಎಂದು ಎಲ್ಲರೂ ಬೆನ್ನು ತಟ್ಟಿದರು. ಮೊದಲ ಸಂಜೆ ಬಾಗಿಲು ಹಾಕಿಕೊಂಡ ಮೇಲೆ ಆ ಗೌರವ ನನಗೆ ಅರ್ಥವಾಯಿತು. ಜೊತೆ ಬೇಕು ಎಂದು ಸೇರಿಕೊಂಡವನನ್ನು ಎಲ್ಲರೂ ಸೇರಿ ಹೊರಗೆ ಕೂರಿಸಿದ್ದರು. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ನಮ್ಮ ಲಾಡ್ಜಿರುವುದು ಒಂದು ಬೆಲ್ಲದ ಮಂಡಿಯ ಮೇಲಿನ ಹಾಲಿನಲ್ಲಿ. ಬಾಗಿಲ ಹೊರಗೆ ಮೆಟ್ಟಿಲು, ಅದರ ಪಕ್ಕದಲ್ಲಿ ತಾರಸಿ. ಕೆಳಗಿನ ಬೆಲ್ಲಕ್ಕೆ ಬಂದ ಜೇನುಹುಳು ದಾರಿ ತಪ್ಪಿ ಮೇಲೆ ಬರುತ್ತವೆ, ನನ್ನ ಕತ್ತಿ ಹೋರಾಡಿದ್ದು ಅವುಗಳ ಜೊತೆ ಮಾತ್ರ. ತಾರಸಿಯಲ್ಲಿ ಸಭೆಯ ನಂತರದ ಊಟಕ್ಕೆ ಅಡುಗೆ ಮಾಡುವವರು ಗೌರಮ್ಮ, ಗುತ್ತಲಿನವರು, ಊರಿನ ಅರ್ಧ ನಾಮಕರಣ, ಗೃಹಪ್ರವೇಶಗಳಿಗೆ ಅವರದೇ ಅಡುಗೆ. ಆ ಮೊದಲ ಸಂಜೆ ಸಾರು ಕುದಿಯಲು ಬಿಟ್ಟು, ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಮೆಟ್ಟಿಲ ಮೇಲೆ ಬಂದು ಕೂತರು. ಕರಿ ಕೋಟು, ಬಿಳಿ ಕೈಗವಸು, ಸೊಂಟಕ್ಕೆ ಬಿಳಿ ಏಪ್ರನ್ ಕಟ್ಟಿ ಕತ್ತಿ ಹಿಡಿದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಲ್ಲಾ ಸಾ, ಅಡ್ಗೆ ಮಾಡೋಳು ನಾನು, ಏಪ್ರಾನು ನಿಮ್ಗೆ ಕೊಟ್ಟವ್ರೆ?"

"ಅದು ಪದ್ಧತಿ ಕಣಮ್ಮ."

"ಆ ಕತ್ತಿ ಒಸಿ ಕೊಡಿ ಮತ್ತೆ, ಸೋರೆಕಾಯಿ ಎಚ್ಕಂಡ್ ಕೊಡ್ತೀನಿ."

"ಅದರಲ್ಲಿ ಬೆಣ್ಣೇನೂ ಕುಯ್ಯಕ್ಕಾಗಲ್ಲ ಗೌರಮ್ಮ."

"ಅಂಗಾರೆ ಕಳ್ರು ಬಂದ್ರೆ ಏನ್ ಮಾಡೀರಿ?" ಎಂದು ನಕ್ಕು, ಒಂದು ಅವರೆಕಾಯಿ ಬಿಡಿಸಿ, ಬಾಗಿಲ ಕಡೆ ಗಲ್ಲದಲ್ಲೇ ತೋರಿಸಿ, ದನಿ ತಗ್ಗಿಸಿ ಕೇಳಿದರು. "ಅದ್ಸರಿ, ಒಳ್ಗೆ ಏನ್ ಮಾಡ್ತರೆ ಸಾ?"

ನನ್ನ ಎದೆ ಧಸಕ್ಕೆಂದಿತು. ಸಂತೋಷಕ್ಕೆ. ಎಷ್ಟೋ ಕಾಲದ ಮೇಲೆ ಒಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು, ಉತ್ತರಕ್ಕೆ ಕಾಯುತ್ತಲೂ ಇದ್ದರು. ನಾನು ನೆಟ್ಟಗೆ ಕೂತು, ಕೋಟಿನ ಗುಂಡಿ ಹಾಕಿಕೊಂಡು, ಬಹಳ ಗಂಭೀರವಾಗಿ, "ಹೇಳಂಗಿಲ್ಲ ಕಣಮ್ಮ" ಎಂದೆ.

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಇದೇ. ಗೌರಮ್ಮ ಕೇಳುವುದು, ನಾನು ಹೇಳಂಗಿಲ್ಲ ಎನ್ನುವುದು. ದೆವ್ವ ಕರುಸ್ತೀರಾ? ಇಲ್ಲ. ಇಸ್ಪೀಟಾ? ಇಲ್ಲ. ಎಲೆಕ್ಷನ್ ವಿಚಾರವಾ? ಅದನ್ನೂ ಹೇಳಂಗಿಲ್ಲ. ಸಿಕ್ಕಿಬೀಳುವ ಹಾಗೆ ಮಾಡಿ ತಪ್ಪಿಸಿಕೊಳ್ಳುವುದರಲ್ಲಿ ನಾನು ಪಳಗಿದೆ. ಬೇಕೆಂದೇ ಒಂದೊಂದು ಮಾತನ್ನು ಅರ್ಧಕ್ಕೆ ನುಂಗುತ್ತಿದ್ದೆ. ಆಕೆ ಸೌಟು ಹಿಡಿದು, "ಅಯ್ಯೋ, ನಿಮ್ ಬಾಯ್ಗೆ ಬೀಗ ಜಡ್ಯಾ!" ಎಂದು ಬೈದರೆ ಒಂದು ತಿಂಗಳಿಗಾಗುವಷ್ಟು ಹಿತವಾಗುತ್ತಿತ್ತು. ಬೈಗುಳದ ಜೊತೆಗೆ, ಮನೆಯಲ್ಲಿ ಅಡುಗೆ ಯಾರದು, ಸೊಪ್ಪು ತಿನ್ನುತ್ತೀರೋ ಇಲ್ಲವೋ, ಕಟ್ಟಿಸಿದ ಹಲ್ಲು ಹೇಗಿದೆ ಎಂದೂ ಕೇಳುತ್ತಿದ್ದರು. ಸಭೆಗೆ ನಾಲ್ಕು ದಿನ ಇರುವಾಗಲೇ ಕೋಟು ಇಸ್ತ್ರಿಗೆ ಕೊಡತೊಡಗಿದೆ. ನನ್ನ ಶ್ರದ್ಧೆ ನೋಡಿ ನಂಜುಂಡಯ್ಯನವರು ಬೇರೆಯವರಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರಂತೆ.

ಒಂದು ಸಂಜೆ ಗೌರಮ್ಮ ಏನೂ ಕೇಳಲಿಲ್ಲ. ಬಂದರು, ಕೂತರು, ಅವರೆಕಾಳು ಹಿದುಕತೊಡಗಿದರು. ನಾನು ಕೆಮ್ಮಿದೆ. ಕುರ್ಚಿ ಸರಿಸಿದೆ. ಕೊನೆಗೆ ನಾಚಿಕೆ ಬಿಟ್ಟು, "ಏನ್ ಗೌರಮ್ಮ, ಇವತ್ತು ಏನೂ ಕೇಳಲಿಲ್ಲ?" ಎಂದೆ.

"ಏನ್ ಕೇಳದು ಸಾ, ಎಲ್ಲಾ ಗೊತ್ತಾಯ್ತು. ನನ್ ಸೊಸೆ ಮೊಬೈಲ್ನಾಗೆ ತಗ್ದು ತೋರುಸುದ್ಲು. ಪ್ಯಾಂಟ್ ಮಡ್ಚದು, ಕಣ್ಗೆ ಬಟ್ಟೆ ಕಟ್ಟದು, ಎಲ್ಲಾ ಅದೆ ಅದ್ರಾಗೆ. ಇಷ್ಟೇನಾ! ನಾನೇನೋ ಅನ್ಕಂಡಿದ್ದೆ."

ಎಷ್ಟೋ ಕಾಲದಿಂದ ಕಾದುಕೊಂಡು ಬಂದ ಗುಟ್ಟು ರಟ್ಟಾಯಿತೆಂದು ಮರುಗಬೇಕಾಗಿತ್ತು. ಅದರ ಬಗ್ಗೆ ಒಂದಿಷ್ಟೂ ಬೇಸರವಾಗಲಿಲ್ಲ. ಇನ್ನು ಈಕೆ ಕೇಳುವುದಿಲ್ಲವಲ್ಲ ಎಂಬುದೇ ನನಗೆ ದೊಡ್ಡ ಚಿಂತೆಯಾಯಿತು. ಬಾಗಿಲ ಕಡೆ ತಿರುಗಿ ಕೂತೆ. ಒಳಗೆ ಯಾರೋ ಹಳೆಯ ಇಂಗ್ಲಿಷನ್ನು ಒಪ್ಪಿಸುತ್ತಿದ್ದರು. ಗೌರಮ್ಮ ಎದ್ದು ಹೋಗಿ ಸಾರಿಗೆ ಸೌಟಾಡಿಸಿ ಬಂದು ಮತ್ತೆ ಕೂತರು.

"ಒಂದ್ ಮಾತ್ರ ಅದ್ರಾಗೆ ಇರ್ನಿಲ್ಲ ಸಾ. ಕಣ್ ಕಟ್ಟಿ ನಿಲ್ಸಿ, ನಿನ್ ಮನಸ್ನಾಗೆ ಏನಾಸೆ ಅದೆ ಅಂತ ಕೇಳ್ತರಂತಲ್ಲ. ಅದ್ರಲ್ಲಿರೋನು ಬೆಳ್ಕು ಅಂದ. ಅವ್ನ್ ಅಂದ್ರೆ ಅನ್ಲಿ. ನೀವ್ ಏನಂದ್ರಿ?"

ನಾನು ಅವರ ಮುಖ ನೋಡಿದೆ. ಬೆರಳು ಕಾಳು ಹಿದುಕುತ್ತಲೇ ಇತ್ತು, ಕಣ್ಣು ಮಾತ್ರ ನನ್ನ ಮೇಲಿತ್ತು. ಹೇಳಂಗಿಲ್ಲ ಎನ್ನಲು ಬಾಯಿ ತೆರೆದೆ. ಜಯ ನೆನಪಾದಳು. ಚಪ್ಪಲಿ ಬಿಡದೆ ನಿಂತದ್ದು ನೆನಪಾಯಿತು. ಕತ್ತಿಯನ್ನು ತೊಡೆಯ ಮೇಲಿಟ್ಟು, ಮೊರದಿಂದ ಒಂದು ಹಿಡಿ ಅವರೆಕಾಳು ತೆಗೆದುಕೊಂಡು ನಾನೂ ಹಿದುಕತೊಡಗಿದೆ. ಒಳಗಿನಿಂದ ಬಾಗಿಲು ತಟ್ಟಿದ್ದು ಕೇಳಿಸಲೇ ಇಲ್ಲ. ಮತ್ತೆ ತಟ್ಟಿದರಂತೆ, ಆಗಲೂ ಕೇಳಿಸಲಿಲ್ಲ. ಮೂರು ತಾಲ್ಲೂಕಿನ ಗಣ್ಯರು ಕೈಗವಸು ಹಾಕಿಕೊಂಡು ಒಳಗೆ ನೆಟ್ಟಗೆ ನಿಂತಿದ್ದಾರೆ, ಹಿದುಕಿದ ಬೇಳೆ ಸಾರಿನ ವಾಸನೆ ಬಾಗಿಲ ಸಂದಿಯಿಂದ ಹೋಗುತ್ತಿದೆ, ಹೊರಗಿನ ತಟ್ಟು ಬಾರದೆ ಸಭೆ ಮುಗಿಸುವಂತಿಲ್ಲ. ಕೊನೆಗೆ ಬಾಗಿಲು ದಡಾರನೆ ತೆರೆದು ಬೋರೇಗೌಡರು ತಲೆ ಹೊರಗೆ ಹಾಕಿ, "ಏನ್ರೀ, ಬದುಕಿದ್ದೀರಾ?" ಎಂದು ಕೂಗಿದರು.

ಊಟದ ಹೊತ್ತಿನಲ್ಲಿ ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಆದರೆ ನಂಜುಂಡಯ್ಯನವರು ಮುದ್ದೆ ಮುರಿಯುತ್ತ ಮೆಲ್ಲಗೆ, "ತಪ್ಪು ನಮ್ಮದೇ ಬ್ರದರ್. ಇಷ್ಟು ದಿನ ನಿಮ್ಮನ್ನು ಹೊರಗೆ ಒಬ್ಬರನ್ನೇ ಕೂರಿಸಿದೆವು, ಮನಸ್ಸಿಗೆ ಬೇಜಾರಾಗಿ ಗಮನ ತಪ್ಪಿದೆ. ಒಳಬಾಗಿಲ ಕಾವಲಿಗೆ ನಾಲ್ಕೇ ಸಾಲು ಬಾಯಿಪಾಠ. ಮುಂದಿನ ಸಭೆಗೆ ಕಲಿತು ಬಂದು ಒಪ್ಪಿಸಿ, ನಮ್ಮ ಜೊತೆ ಒಳಗೇ ಇದ್ದುಬಿಡಿ" ಎಂದರು. ಎಲ್ಲರೂ ಹೌದು ಹೌದು ಎಂದು ಎಲೆಯಿಂದ ತಲೆಯೆತ್ತಿ ನೋಡಿದರು. ಈ ಮಾತಿಗಾಗಿ ನಾನು ಎಷ್ಟು ಸಂಜೆ ಆ ಕುರ್ಚಿಯಲ್ಲಿ ಕೂತು ಕಾದಿದ್ದೆನೋ. ಅವರ ಒಳ್ಳೆಯತನಕ್ಕೆ ಕೈ ಮುಗಿದು, ಆಗಲಿ ಎಂದೆ.

ಆ ತಿಂಗಳೆಲ್ಲ ಕಲಿತೆ. ಜಯಳ ಪಟದ ಮುಂದೆ ನಿಂತು ದಿನಾ ಒಪ್ಪಿಸಿದೆ. ಪ್ರಮಾಣದಲ್ಲಿ ಪಟದ ವಿಚಾರ ಬಂದಿಲ್ಲ, ನಾನು ವಿಚಾರಿಸಿಕೊಂಡಿದ್ದೇನೆ. ನಾಲ್ಕೂ ಸಾಲು ನೀರು ಕುಡಿದಷ್ಟು ಸಲೀಸಾಗಿ ಬರತೊಡಗಿತು. ಸಭೆಯ ದಿನ ಎಲ್ಲರೂ ನನ್ನ ಸುತ್ತ ನಿಂತರು. ಮೊದಲನೆಯ ಸಾಲು ಹೇಳಿದೆ. ಬೋರೇಗೌಡರ ಮುಖ ಅರಳಿತು. ಎರಡನೆಯದನ್ನು ಶುರು ಮಾಡುವಷ್ಟರಲ್ಲಿ ತಾರಸಿಯ ಕಡೆಯಿಂದ ಒಗ್ಗರಣೆಯ ಚುಯ್ ಎನ್ನುವ ಸದ್ದು ಬಂತು. ನಾನು ನಿಲ್ಲಿಸಿದೆ. ಚಾವಣಿ ನೋಡಿದೆ. ತಲೆ ಕೆರೆದುಕೊಂಡೆ. ಬೋರೇಗೌಡರು ಪಿಸುಗುಟ್ಟಿದರು, ಆಮೇಲೆ ಗಟ್ಟಿಯಾಗಿಯೇ ಹೇಳಿಕೊಟ್ಟರು, ನಾನು ಕಿವುಡನ ಹಾಗೆ ನಿಂತಿದ್ದೆ. "ನನ್ನ ಕೈಲಾಗಲ್ಲ, ಬಿಟ್ಟುಬಿಡಿ ಸಾರ್" ಎಂದೆ. "ಪಾಪ, ವಯಸ್ಸು" ಎಂದು ನಂಜುಂಡಯ್ಯನವರು ಕತ್ತಿಯನ್ನು ಮತ್ತೆ ನನ್ನ ಕೈಗೆ ಕೊಟ್ಟರು.

ಹೊರಗೆ ಬಂದು ಕುರ್ಚಿಯಲ್ಲಿ ಕೂತೆ. ಬಾಗಿಲು ಹಾಕಿಕೊಂಡಿತು. ಒಳಗಿನ ತಟ್ಟು ಬಂದ ಕೂಡಲೇ, ಕೆಳಗೆ ಮಂಡಿಯವರಿಗೂ ಕೇಳುವ ಹಾಗೆ ತಿರುಗಿ ತಟ್ಟಿದೆ. ಗೌರಮ್ಮ ಮೊರ ಹಿಡಿದು ಬಂದರು.

"ನಿಮ್ಮುನ್ ಒಳಿಕ್ ಕರ್ಕತೀವಿ ಅಂತ ಊಟ್ದೊತ್ತಲ್ಲಿ ಅಂದಿದ್ರಲ್ಲ ಸಾ, ಏನಾಯ್ತು?"

"ಹೇಳಂಗಿಲ್ಲ ಕಣಮ್ಮ."

"ಓದ್ ತಿಂಗ್ಳು ಕೇಳುದ್ನಲ್ಲ, ಅದ್ನಾರ ಏಳಿ ಮತ್ತೆ."

"ಅದನ್ನೂ ಹೇಳಂಗಿಲ್ಲ."

"ಏಳ್ದಿದ್ರೆ ಬುಡ್ತೀನಾ? ಬರೋ ತಿಂಗ್ಳೂ ಕೇಳ್ತೀನಿ ಕನ" ಎಂದು ಗೌರಮ್ಮ ಸೆರಗು ಸಿಕ್ಕಿಸಿಕೊಂಡು ಕೂತರು.

ಆ ನಾಲ್ಕು ಸಾಲು ಈಗಲೂ ನನಗೆ ಬಾಯಿಗೆ ಬರುತ್ತದೆ. ಅದು ಏನು ಎಂದು ನೀವು ಕೇಳಿದರೆ ಖಂಡಿತ ಹೇಳುವುದಿಲ್ಲ. ಆದರೂ ಮಂಡ್ಯದ ಕಡೆ ಬಂದರೆ ಒಂದು ಸಲ ಕೇಳಿ ನೋಡಿ.